ಮೆಲ್ಲಗೆ ಹಾಡುವ ಹುಡುಗಿ

ಒಂದು ಸ್ವರದ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ನಮ್ಮ ಕಡೆಯ ಸ್ವರ ಅಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಬೆಳೆದ ಒಬ್ಬ ಹುಡುಗಿಯದ್ದು. ಹೆಸರು ನೋರಾ ಜೋನ್ಸ್. 'ಕಮ್ ಅವೇ ವಿತ್ ಮಿ' ಎಂಬ ಅವಳ ಮೊದಲ ಆಲ್ಬಮ್ ಬಂದದ್ದು 2002ರ ಫೆಬ್ರವರಿ 26ರಂದು. ಆಗ ಅವಳಿಗೆ 22 ವರ್ಷ. ಅದರಲ್ಲಿರುವುದು 14 ಹಾಡು, ಎಲ್ಲ ಸೇರಿ ಮುಕ್ಕಾಲು ಗಂಟೆ. ನಮ್ಮ ಶಾಲೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಪೀರಿಯಡ್.

ನಾನು ಜಾಝ್ ಕೇಳಿ ಬೆಳೆದವಳಲ್ಲ. ನಿಮ್ಮಲ್ಲಿ ಹೆಚ್ಚಿನವರೂ ಅಲ್ಲವೆಂದು ಕಾಣುತ್ತದೆ. ಕಾಸರಗೋಡಿನ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಭೌತಶಾಸ್ತ್ರ ಕಲಿಸುವ ನನಗೂ ನ್ಯೂಯಾರ್ಕಿನ ಜಾಝ್ ಕಂಪೆನಿಗೂ ಎಂತ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಗಂಟಲಿನದ್ದು. ಅದನ್ನು ಹೇಳುವ ಮೊದಲು ಸಿಡಿ ನಮ್ಮ ಮನೆಗೆ ಬಂದದ್ದು ಹೇಗೆ ಎಂದು ಹೇಳಿಬಿಡುತ್ತೇನೆ.

ನಮ್ಮೂರಲ್ಲಿ ಮನೆಗೊಬ್ಬ ಗಲ್ಫಿನವನು ಇರುತ್ತಾನೆ. ನನ್ನ ದೊಡ್ಡಮ್ಮನ ಮಗ ದುಬೈಯಲ್ಲಿದ್ದ. 2003ರ ಎಪ್ರಿಲ್ ರಜೆಯಲ್ಲಿ ಊರಿಗೆ ಬಂದವನು ಸಿಡಿ ಹಾಕುವ ಒಂದು ಟೇಪ್‌ರೆಕಾರ್ಡರನ್ನೂ ನಾಲ್ಕೈದು ಸಿಡಿಗಳನ್ನೂ ತಂದು ಕೊಟ್ಟ. "ಅಕ್ಕಾ, ಇದು ನಮ್ಮ ರವಿಶಂಕರ್ ಇದ್ದಾರಲ್ಲ, ಸಿತಾರ್ ರವಿಶಂಕರ್, ಅವರ ಮಗಳದ್ದು. ನಿನಗೆ ಆಗಬಹುದು" ಅಂದ. ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ, ಆ ವರ್ಷದ ಫೆಬ್ರವರಿ 23ರಂದು, ನ್ಯೂಯಾರ್ಕಿನಲ್ಲಿ ಗ್ರಾಮಿ ಪ್ರಶಸ್ತಿ ಕೊಟ್ಟಿದ್ದರು. ಈ ಆಲ್ಬಮ್ಮಿಗೆ ಸಂಬಂಧಪಟ್ಟು ಒಟ್ಟು ಎಂಟು ಪ್ರಶಸ್ತಿ. ಅದರಲ್ಲಿ ಐದು ನೋರಾಳಿಗೇ. ನಮ್ಮ ಪತ್ರಿಕೆಗಳಿಗೆ ಆಗ ಸಂಭ್ರಮವೋ ಸಂಭ್ರಮ. ಹುಡುಗಿಯ ಹೆಸರಿಗಿಂತ ಮೊದಲು ಅಪ್ಪನ ಹೆಸರು.

ಹಾಗಾಗಿ ಸಿಡಿ ಹಾಕಿದಾಗ ನಾವೆಲ್ಲ ಸಿತಾರಿಗೆ ಕಾದು ಕೂತೆವು. ಮೊದಲ ಹಾಡು ಮುಗಿಯಿತು, ಇಲ್ಲ. ಎರಡನೆಯದರಲ್ಲೂ ಇಲ್ಲ. ಹದಿನಾಲ್ಕು ಮುಗಿದರೂ ಒಂದು ತಂತಿಯಷ್ಟು ಸಿತಾರ್ ಇಲ್ಲ. ಪಿಯಾನೋ ಉಂಟು, ಗಿಟಾರ್ ಉಂಟು, ದೊಡ್ಡ ಪಿಟೀಲಿನಂಥ ಬೇಸ್ ಉಂಟು, ಹೊಡೆಯುವುದಕ್ಕಿಂತ ಸವರಿದ ಹಾಗೆ ಕೇಳುವ ಡ್ರಮ್ ಉಂಟು. ಇವೆಲ್ಲದರ ನಡುವೆ ಸ್ವಲ್ಪ ಒಡೆದ, ಸ್ವಲ್ಪ ಹೊಗೆ ಹಿಡಿದಂಥ ಒಂದು ಹೆಣ್ಣುಸ್ವರ. ಎಲ್ಲಿಯೂ ಅವಸರವಿಲ್ಲ, ಎಲ್ಲಿಯೂ ಏರಿ ಕೂಗುವುದಿಲ್ಲ. ಅಡುಗೆಮನೆಯಿಂದ ಅತ್ತೆ "ಈ ಹುಡುಗಿಗೆ ಜ್ವರ ಉಂಟಾ?" ಎಂದು ಕೇಳಿದರು. ಸಿಡಿ ಕಪಾಟಿನೊಳಗೆ ಹೋಯಿತು.

ಅದು ಹೊರಗೆ ಬಂದದ್ದು ಜುಲೈಯಲ್ಲಿ.

ನಮ್ಮ ಶಾಲೆಯ ಆಗಿನ ಕಟ್ಟಡವನ್ನು ಕಂಡವರಿಗೆ ಮುಂದಿನದ್ದು ಸುಲಭವಾಗಿ ಅರ್ಥವಾದೀತು. ಒಂದು ಉದ್ದ ಹಾಲ್. ನಡುವಿನಲ್ಲಿ ಗೋಡೆಯ ಬದಲು ತಟ್ಟಿ. ತಟ್ಟಿಯ ಈಚೆಗೆ ಒಂಬತ್ತನೆಯ ಕನ್ನಡ ಡಿವಿಜನ್, ಆಚೆಗೆ ಒಂಬತ್ತನೆಯ ಮಲಯಾಳಂ ಡಿವಿಜನ್. ಒಂದೇ ಪಾಠವನ್ನು ಎರಡು ಭಾಷೆಯಲ್ಲಿ ಇಬ್ಬರು ಟೀಚರುಗಳು ಒಟ್ಟಿಗೇ ಹೇಳುತ್ತಿದ್ದೆವು. ಅವರ ಸ್ವರ ಏರಿದರೆ ನಾನು ಏರಿಸಬೇಕು, ನಾನು ಏರಿಸಿದರೆ ಅವರು ಇನ್ನೂ ಏರಿಸಬೇಕು. ನಮ್ಮೊಳಗೆ ಜಗಳವೇನಿಲ್ಲ, ಮಧ್ಯಾಹ್ನ ಒಟ್ಟಿಗೇ ಊಟ ಮಾಡುವವರು ನಾವು. ಆದರೂ ಪೀರಿಯಡ್ ಶುರುವಾದರೆ ಸ್ಪರ್ಧೆ ತಪ್ಪಿದ್ದಲ್ಲ. ಮೇಲಿಂದ ಆಟಿ ತಿಂಗಳ ಮಳೆ. ಜಗಲಿಗೆ ಹಾಕಿದ ತಗಡಿನ ಶೀಟಿನ ಮೇಲೆ ಆ ಮಳೆ ಬಿದ್ದರೆ ತಟ್ಟಿಯ ಎರಡೂ ಬದಿಯವರು ಸೋತ ಹಾಗೆಯೇ.

ಜೂನ್ ಕೊನೆಗೆ ನನ್ನ ಸ್ವರ ಒಡೆಯಿತು. ಶೀತ ಅಂದುಕೊಂಡು ಕಾಳುಮೆಣಸಿನ ಕಷಾಯ ಕುಡಿದೆ. ಜುಲೈ ಎರಡನೆಯ ವಾರ ಹಾಜರಿ ಕರೆಯುವಾಗ ಹನ್ನೊಂದನೆಯ ಹೆಸರಿಗೆ ಸ್ವರ ನಿಂತೇ ಹೋಯಿತು. ಬಾಯಿ ಅಲ್ಲಾಡುತ್ತದೆ, ಶಬ್ದ ಇಲ್ಲ. ಮಕ್ಕಳು ಮೊದಲು ನಕ್ಕರು, ಆಮೇಲೆ ನಗಲಿಲ್ಲ.

ಮಂಗಳೂರಿನ ಡಾಕ್ಟರು ಗಂಟಲಿಗೆ ಕನ್ನಡಿ ಹಿಡಿದು ನೋಡಿ ಧ್ವನಿತಂತುಗಳ ಅಂಚಿನಲ್ಲಿ ಸಣ್ಣ ಗಂಟುಗಳಿವೆ ಎಂದರು. ಪಿಕ್ಕಾಸು ಹಿಡಿದವರ ಅಂಗೈಯಲ್ಲಿ ದಡ್ಡು ಕಟ್ಟುತ್ತದಲ್ಲ, ಅಂಥದ್ದೇ. ಉಜ್ಜಿ ಉಜ್ಜಿ ಆದದ್ದು. ಹೆಂಗಸರು ಮಾತಾಡುವಾಗ ಆ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಎಡೆಬಿಡದೆ ಸ್ವರ ಹೊರಡಿಸಿದರೆ ಗಂಟೆಗೆ ಏಳು ಲಕ್ಷ ಸಲ. ಜೋರಾಗಿ ಕೂಗಿದಷ್ಟೂ ಪೆಟ್ಟು ಜೋರು. ಹದಿನೈದು ದಿನ ಒಂದು ಶಬ್ದವೂ ಆಡಬಾರದು ಎಂದರು. ಆಯಿತೆಂದು ನಾನು ಪಿಸುಗುಟ್ಟಿದೆ. "ಅದೂ ಬೇಡ. ಒತ್ತಿ ಪಿಸುಗುಟ್ಟಿದರೂ ಗಂಟಲಿಗೆ ಹಿಂಸೆಯೇ" ಎಂದು ತಡೆದರು. ಆಮೇಲೆಯೂ ಕಡಿಮೆಯಾಗದಿದ್ದರೆ ಆಪರೇಷನ್. ಅದೂ ಆಗದಿದ್ದರೆ? ಅದನ್ನು ಅವರು ಹೇಳಲಿಲ್ಲ, ನಾನು ಚೀಟಿಯಲ್ಲಿ ಬರೆದು ಕೇಳಲೂ ಇಲ್ಲ. ಬಸ್ಸಿನಲ್ಲಿ ಬರುವಾಗ ತಲಪಾಡಿ ಚೆಕ್‌ಪೋಸ್ಟ್ ದಾಟಿದ್ದು ಗೊತ್ತಾಗಲಿಲ್ಲ. ಸ್ವರವಿಲ್ಲದ ಟೀಚರನ್ನು ಇಟ್ಟುಕೊಂಡು ಯಾವ ಶಾಲೆ ಎಂತ ಮಾಡೀತು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ನಮ್ಮ ಕನ್ನಡ ಡಿವಿಜನ್ನಿನ ಮಕ್ಕಳ ಸಂಖ್ಯೆಯೂ ಪ್ರತಿವರ್ಷ ತಕ್ಕಡಿಯಲ್ಲಿ ತೂಗುವ ಹಾಗೆ. ಟೀಚರ್ ರಜೆ ಎಂದು ಪಾಠ ನಿಂತರೆ ಮುಂದಿನ ಜೂನಿನಲ್ಲಿ ನಾಲ್ಕು ಮಕ್ಕಳು ತಟ್ಟಿಯ ಆಚೆ ಹೋಗಿ ಕೂತಾರು.

ಆ ಹದಿನೈದು ದಿನ ನಾನು ಕೇಳಿದ್ದು ಈ ಸಿಡಿ. ಕರೆಂಟು ಇದ್ದಾಗಲೆಲ್ಲ.

ಮಾತಾಡಬಾರದೆಂಬ ಕಟ್ಟುಪಾಡಿನಲ್ಲಿ ಇರುವವರಿಗೆ ಕಿವಿ ಚುರುಕಾಗುತ್ತದೆ. ಎಪ್ರಿಲಿನಲ್ಲಿ ಎಲ್ಲವೂ ಒಂದೇ ರೀತಿ ಕೇಳಿದ್ದ ಹಾಡುಗಳು ಬೇರೆ ಬೇರೆಯಾಗಿ ನಿಲ್ಲತೊಡಗಿದವು. ಮೊದಲನೆಯದು 'ಡೋಂಟ್ ನೋ ವೈ'. ಹೋಗಬೇಕಾದಲ್ಲಿಗೆ ಯಾಕೆ ಹೋಗಲಿಲ್ಲವೆಂದು ತನಗೇ ಗೊತ್ತಾಗದವಳ ಹಾಡು. ಬರೆದವನು ಜೆಸ್ಸಿ ಹ್ಯಾರಿಸ್ ಎಂಬ ಅವಳ ಗೆಳೆಯ. ಮೂರನೆಯದು 'ಕೋಲ್ಡ್ ಕೋಲ್ಡ್ ಹಾರ್ಟ್', ಅವರ ಕಡೆಯ ಹಳ್ಳಿ ಹಾಡಿನ ದೊಡ್ಡ ಹೆಸರಾದ ಹ್ಯಾಂಕ್ ವಿಲಿಯಮ್ಸನದ್ದು. ಹೆಸರಿನ ಹಾಡು 'ಕಮ್ ಅವೇ ವಿತ್ ಮಿ'ಯನ್ನೂ 'ನೈಟಿಂಗೇಲ್' ಎಂಬುದನ್ನೂ ನೋರಾಳೇ ಬರೆದದ್ದು. ಕೊನೆಯದು 'ದ ನಿಯರ್‌ನೆಸ್ ಆಫ್ ಯು', ಅವಳ ಅಜ್ಜನ ಕಾಲದ್ದು. ಅದರಲ್ಲಿ ಅವಳೂ ಅವಳ ಪಿಯಾನೋವೂ ಮಾತ್ರ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬಳೇ ಕೂತು ನುಡಿಸಿದ ಹಾಗೆ ಇದೆ.

ಡಾಕ್ಟರು ಹೇಳಿದ ಪಿಸುಮಾತಿನ ವಿಷಯ ನೆನಪಿತ್ತಲ್ಲ, ಅದರಿಂದಾಗಿ ಒಂದು ಸಂಗತಿ ಗಮನಿಸಿದೆ. ಇವಳು ಮೆಲ್ಲಗೆ ಹಾಡುತ್ತಾಳೆ, ಆದರೆ ಪಿಸುಗುಟ್ಟುವುದಿಲ್ಲ. ಎರಡೂ ಬೇರೆ ಬೇರೆ. ಪಿಸುಮಾತಿನಲ್ಲಿ ತಂತು ಕಂಪಿಸುವುದಿಲ್ಲ, ಬರೀ ಗಾಳಿ. ಇವಳದ್ದು ತುಂಬು ಸ್ವರ. ಕಂಪನ ಪೂರ್ತಿ ಇದೆ, ಪಾರ ಮಾತ್ರ ಕಡಿಮೆ. ನಮ್ಮ ಪಠ್ಯದ ಮಾತಿನಲ್ಲಿ ಹೇಳುವುದಾದರೆ ಆವೃತ್ತಿ ಇದ್ದ ಹಾಗೇ ಉಂಟು, ಪಾರ ಸಣ್ಣದಾಗಿದೆ. ಶಬ್ದದ ಪಾಠವನ್ನು ಏಳೆಂಟು ವರ್ಷ ಕಲಿಸಿದ ಮೇಲೆ ಅದಕ್ಕೊಂದು ಇಷ್ಟು ಚಂದದ ಉದಾಹರಣೆ ಸಿಕ್ಕಿದ್ದು ನನಗೆ ಹಾಗೆ.

ಮೆಲ್ಲಗೆ ಹಾಡಿ ಲೋಕಕ್ಕೆಲ್ಲ ಕೇಳಿಸುವುದು ಹಿಂದೆ ಸಾಧ್ಯವಿರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ರೆಕಾರ್ಡಿಂಗ್ ಮಾಡುವವರು ಅವರ ಮುಂದೆ ಹಿಡಿದದ್ದು ಒಂದು ದೊಡ್ಡ ಕಹಳೆಯ ಬಾಯಿ. ಅದರೊಳಗೆ ಜೋರಾಗಿ ಹಾಡಿದರಷ್ಟೇ ಮುಳ್ಳು ಅಲ್ಲಾಡಿ ಮೇಣದ ಮೇಲೆ ಗೀರು ಬೀಳುತ್ತಿತ್ತು. ಮೈಕ್ ಇಟ್ಟು ವಿದ್ಯುತ್ತಿನಿಂದ ಮುದ್ರಿಸುವ ಕ್ರಮ 1925ರಲ್ಲಿ ಬಂತು. ಅಲ್ಲಿಂದ ಹಾಡುಗಾರಿಕೆಯ ರೀತಿಯೇ ಬದಲಾಯಿತು. ಅಮೆರಿಕದಲ್ಲಿ ಬಿಂಗ್ ಕ್ರಾಸ್ಬಿ, ಬಿಲ್ಲಿ ಹಾಲಿಡೇ ಮುಂತಾದವರು ಮೈಕನ್ನು ಒಬ್ಬ ಮನುಷ್ಯನ ಕಿವಿ ಎಂದು ತಿಳಿದು ಅದರ ಹತ್ತಿರ ನಿಂತು ಹಾಡಿದರು. ನೋರಾ ಚಿಕ್ಕವಳಿದ್ದಾಗ ತಾಯಿಯ ರೆಕಾರ್ಡುಗಳಲ್ಲಿ ಕೇಳಿ ಕೇಳಿ ಮೆಚ್ಚಿದ್ದು ಈ ಬಿಲ್ಲಿ ಹಾಲಿಡೇಯನ್ನೇ.

ಇದರ ಹಿಂದೆ ಸುಲಭದ ಲೆಕ್ಕವೊಂದಿದೆ. ಬಯಲಿನಲ್ಲಿ ನಿಮ್ಮಿಂದ ದೂರ ಇಮ್ಮಡಿಯಾದರೆ ಶಬ್ದದ ತೀವ್ರತೆ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಹತ್ತು ಮಡಿಯಾದರೆ ನೂರರಲ್ಲೊಂದು ಪಾಲು. ಹಾಗಾಗಿ ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕೂತವನಿಗೂ ಪದ ಕೇಳಬೇಕೆಂದರೆ ನಮ್ಮ ಹಳೆಯ ಭಾಗವತರು ಏರು ಶ್ರುತಿಯಲ್ಲೇ ಹಾಡಬೇಕಿತ್ತು. ಆಗ ಮೈಕ್ ಎಲ್ಲಿತ್ತು? ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಒಳ್ಳೆಯ ಸ್ವರ ಎಂದರೆ ದೂರ ಮುಟ್ಟುವ ಸ್ವರ ಎಂಬ ನಂಬಿಕೆ ಬಂದದ್ದು ಹಾಗೆ. ಅದು ಸರಿಯಾದದ್ದೇ, ಗದ್ದೆಗೆ ತಕ್ಕ ಹಾಡು. ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿದ್ದರೆ ಲೆಕ್ಕ ಬೇರೆ. ಅಲ್ಲದೆ ಕೆಲವು ಬಗೆಯ ಮೈಕಿಗೆ ಹತ್ತಿರವಾದಷ್ಟೂ ಮಂದ್ರದ ಭಾಗ ತುಂಬಿಕೊಂಡು ಕೇಳುತ್ತದೆ. ರೇಡಿಯೋದಲ್ಲಿ ಕೆಲವರ ಸ್ವರ ಅಷ್ಟು ಗುಂಡಗೆ ಕೇಳುವುದಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿ ಇದಕ್ಕೆ ಹೆಸರು ಹೇಳಬೇಕೆಂದರೆ ಪಿ.ಬಿ. ಶ್ರೀನಿವಾಸ್. ರಾಜ್‌ಕುಮಾರ್ ಅವರಿಗೆ ಅವರು ಹಾಡಿದ ಹಾಡುಗಳಲ್ಲಿ ಕೂಗು ಎಲ್ಲಿದೆ ಹೇಳಿ? ಕಾಕಿನಾಡದಲ್ಲಿ ಹುಟ್ಟಿದ ಆ ಮನುಷ್ಯ ಕನ್ನಡದವರ ಕಿವಿಯ ಹತ್ತಿರ ಬಂದು ಹಾಡಿದರು, ನಾವು ಅವರನ್ನು ನಮ್ಮವರೆಂದೇ ಇಟ್ಟುಕೊಂಡೆವು.

ಇನ್ನು ಅವಳು ಎಲ್ಲಿಯವಳು ಎಂಬ ವಿಷಯ.

ನೋರಾ ಹುಟ್ಟಿದ್ದು 1979ರ ಮಾರ್ಚ್ 30ರಂದು, ನ್ಯೂಯಾರ್ಕ್‌ನಲ್ಲಿ. ಹುಟ್ಟುಹೆಸರು ಗೀತಾಲಿ ನೋರಾ ಜೋನ್ಸ್ ಶಂಕರ್. ತಾಯಿ ಸ್ಯೂ ಜೋನ್ಸ್ ಸಂಗೀತ ಕಛೇರಿಗಳನ್ನು ಏರ್ಪಡಿಸುವ ಕೆಲಸದಲ್ಲಿದ್ದವರು. ತಂದೆ ತಾಯಿ ಬೇರೆಯಾದ ಮೇಲೆ ತಾಯಿಯೇ ಅವಳನ್ನು ಟೆಕ್ಸಾಸಿನ ಗ್ರೇಪ್‌ವೈನ್ ಎಂಬ ಊರಲ್ಲಿ ಸಾಕಿದರು. ಬಾಲ್ಯದ ಬಹುಪಾಲು ತಂದೆಯಿಂದ ದೂರವೇ. ಹದಿನಾರನೆಯ ವಯಸ್ಸಿನಲ್ಲಿ ಅವಳು ಹೆಸರನ್ನು ನೋರಾ ಜೋನ್ಸ್ ಎಂದು ಮಾಡಿಕೊಂಡಳು. ಟೀಚರಾದ ನನಗೆ ಅವಳ ಶಾಲೆಯ ವಿಷಯ ಹೆಚ್ಚು ಇಷ್ಟ. ಡಲ್ಲಾಸಿನಲ್ಲಿ ಬುಕರ್ ಟಿ. ವಾಷಿಂಗ್ಟನ್ ಹೆಸರಿನ ಕಲೆಗಳ ಹೈಸ್ಕೂಲ್ ಒಂದಿದೆ, ಸಾರ್ವಜನಿಕ ಶಾಲೆ. ನಮ್ಮ ಲೆಕ್ಕದಲ್ಲಿ ಸರಕಾರಿ ಶಾಲೆ. ಎರಿಕಾ ಬಡು, ತುತ್ತೂರಿಯ ರಾಯ್ ಹಾರ್‌ಗ್ರೋವ್ ಇವರೂ ಕಲಿತದ್ದು ಅಲ್ಲೇ. ಅಲ್ಲಿರುವಾಗಲೇ ಅವಳಿಗೆ 'ಡೌನ್‌ಬೀಟ್' ಎಂಬ ಜಾಝ್ ಪತ್ರಿಕೆ ವಿದ್ಯಾರ್ಥಿಗಳಿಗೆ ಕೊಡುವ ಪ್ರಶಸ್ತಿಗಳು ಬಂದವು. ಮುಂದೆ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾಝ್ ಪಿಯಾನೋ ಓದಿದಳು. ಅಮೆರಿಕದಲ್ಲಿ ಜಾಝಿಗೆ ಮೊದಲು ಡಿಗ್ರಿ ಕೊಟ್ಟದ್ದು ಅದೇ ವಿಶ್ವವಿದ್ಯಾಲಯ, 1947ರಲ್ಲಿ. ಓದು ಮುಗಿಸದೆ 1999ರಲ್ಲಿ ನ್ಯೂಯಾರ್ಕಿಗೆ ಹೋದಳು.

ಅಲ್ಲಿ ಸಣ್ಣ ಸಣ್ಣ ಜಾಗಗಳಲ್ಲಿ ಹಾಡುತ್ತಿದ್ದಾಗ 'ಬ್ಲೂ ನೋಟ್' ಕಂಪೆನಿಯ ಬ್ರೂಸ್ ಲುಂಡ್‌ವಾಲ್ ಅವಳ ಮಾದರಿ ಮುದ್ರಣವನ್ನು ಕೇಳಿ 2001ರಲ್ಲಿ ಒಪ್ಪಂದ ಮಾಡಿಕೊಂಡರು. ಬ್ಲೂ ನೋಟ್ ಎಂದರೆ 1939ರಲ್ಲಿ ಶುರುವಾದ, ಜಾಝಿನ ಮಹಾಮಹಾ ಹೆಸರುಗಳ ಮನೆ. ಆಮೇಲೆ ನಡೆದದ್ದು ಕೇಳಿ. ವುಡ್‌ಸ್ಟಾಕ್ ಹತ್ತಿರದ ಗುಡ್ಡದ ಮೇಲಿನ ಒಂದು ಸ್ಟುಡಿಯೋದಲ್ಲಿ ಕ್ರೇಗ್ ಸ್ಟ್ರೀಟ್ ಎಂಬವರ ನಿರ್ದೇಶನದಲ್ಲಿ ಆಲ್ಬಮ್ಮನ್ನು ಮುದ್ರಿಸಿದರು. ಒಳ್ಳೊಳ್ಳೆಯ ವಾದ್ಯಗಾರರು ಇದ್ದರು. ಕೇಳಿದರೆ ಮಾದರಿ ಮುದ್ರಣದಲ್ಲಿದ್ದ ಸರಳತನ ಎಲ್ಲಿಯೋ ಮುಚ್ಚಿಹೋಗಿದೆ ಎಂದು ಕಂಪೆನಿಗೆ ಅನಿಸಿತು. ಆಗ ಆರಿಫ್ ಮಾರ್ಡಿನ್ ಅವರನ್ನು ಕರೆದರು. ಇಸ್ತಾಂಬುಲಿನಲ್ಲಿ 1932ರಲ್ಲಿ ಹುಟ್ಟಿ, ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಸಂಗೀತ ಕಲಿಯಲು ಹೋಗಿ, ಅಲ್ಲೇ ದೊಡ್ಡ ನಿರ್ಮಾಪಕರಾದವರು. ಅರೀತಾ ಫ್ರಾಂಕ್ಲಿನ್ ಅಂಥವರ ಜೊತೆ ಕೆಲಸ ಮಾಡಿದ ಮನುಷ್ಯ, ಆಗ ಎಪ್ಪತ್ತರ ಹತ್ತಿರ. ಅವರು ಈ ಹುಡುಗಿಯ ಮೇಲೆ ತಮ್ಮ ವಿದ್ಯೆಯನ್ನೆಲ್ಲ ಹೇರಲಿಲ್ಲ. ಹಳೆಯ ಮುದ್ರಣದಲ್ಲಿ ಕೆಲವನ್ನು ಉಳಿಸಿ, ಉಳಿದದ್ದನ್ನು ಅವಳ ಸಣ್ಣ ತಂಡದಿಂದಲೇ ಪುನಃ ಹಾಡಿಸಿದರು. ಎಲ್ಲರಿಗೂ ಗೊತ್ತಿರುವ 'ಡೋಂಟ್ ನೋ ವೈ' ಮೂಲದಲ್ಲಿ ಆ ಮಾದರಿಯ ಕಾಲದ ಮುದ್ರಣವೇ. ಬಿಟ್ಟುಬಿಟ್ಟ ಗುಡ್ಡದ ಮುದ್ರಣಗಳನ್ನು 2022ರಲ್ಲಿ, ಆಲ್ಬಮ್ಮಿಗೆ ಇಪ್ಪತ್ತು ವರ್ಷವಾದಾಗ, ಹೊರತಂದರು. ಈಗ ಬೇಕಾದವರು ಎರಡನ್ನೂ ಹಿಡಿದು ಹೋಲಿಸಿ ಕೇಳಬಹುದು. ಮೆಲ್ಲಗಿರುವುದು ತಾನಾಗಿ ಆಗುವ ಸಂಗತಿ ಎಂದು ಕಾಣುತ್ತದೆ. ಹಾಗಿರುವುದಿಲ್ಲ. ಕೈಯಲ್ಲಿ ಎಲ್ಲ ವಾದ್ಯ ಇದ್ದೂ ಇಷ್ಟು ಸಾಕು ಎಂದು ನಿಲ್ಲಿಸುವುದಕ್ಕೆ ಅನುಭವ ಬೇಕು. ಉಪ್ಪು ಹಾಕುವ ಕೈಗೆ ಬೇಕಾದ ಹಾಗೆ.

ಆಲ್ಬಮ್ ಬಂದ ಮೊದಲ ವಾರ ಅಮೆರಿಕದ ಪಟ್ಟಿಯಲ್ಲಿ ಅದಕ್ಕೆ ಸಿಕ್ಕ ಸ್ಥಾನ 139. ಅಲ್ಲಿಂದ ಒಂದನೆಯ ಸ್ಥಾನಕ್ಕೆ ಬರಲು 2003ರ ಜನವರಿ ಆಯಿತು, ಹತ್ತಿರ ಹತ್ತಿರ ಹನ್ನೊಂದು ತಿಂಗಳು. ಲೋಕದಲ್ಲೆಲ್ಲ ಎರಡೂವರೆ ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಒಬ್ಬರು ಇನ್ನೊಬ್ಬರಿಗೆ "ಇದನ್ನು ಒಮ್ಮೆ ಕೇಳಿ ನೋಡು" ಎಂದು ಕೊಟ್ಟುಕೊಟ್ಟೇ ಹಬ್ಬಿದ್ದು ಬಹಳ. ನನ್ನ ತಮ್ಮ ದುಬೈಯಿಂದ ಹೊತ್ತು ತಂದದ್ದೂ ಹಾಗೆಯೇ ಅಲ್ಲವಾ?

ಟೀಕೆಯೂ ಬಂತು. ಅದನ್ನು ಮುಚ್ಚಿಡುವುದಿಲ್ಲ. ನಿದ್ದೆ ಬರಿಸುವ ಹಾಡೆಂದು ಅವಳ ಹೆಸರನ್ನೇ ತಿರುಚಿ 'ಸ್ನೋರಾ' ಎಂದರು, ಗೊರಕೆಯ ಹುಡುಗಿ ಎಂಬರ್ಥದಲ್ಲಿ. ಕಾಫಿ ಅಂಗಡಿಯ ಸಂಗೀತ ಎಂದರು. ಅದರಲ್ಲಿ ಸ್ವಲ್ಪ ನಿಜವೂ ಉಂಟು. ಹದಿನಾಲ್ಕೂ ಹಾಡು ಹೆಚ್ಚು ಕಡಿಮೆ ಒಂದೇ ನಡಿಗೆಯವು. ನಡುವೆ ಒಂದೆರಡು ಕಡೆ ಹಾಡು ಎಲ್ಲಿಂದ ಎಲ್ಲಿಗೆ ಬದಲಾಯಿತೆಂದು ಈಗಲೂ ನನಗೆ ಗೊತ್ತಾಗುವುದಿಲ್ಲ. ಬಿಲ್ಲಿ ಹಾಲಿಡೇಯ ಹಾಡಿನ ಒಳಗಿನ ಆ ಬೆಂಕಿಯನ್ನು 22ರ ಹುಡುಗಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇನ್ನೊಂದು ಟೀಕೆ, ಇದು ಜಾಝೇ ಅಲ್ಲ ಎಂಬುದು. ಅರ್ಧ ಹಳ್ಳಿ ಹಾಡು, ಅರ್ಧ ಪಾಪ್, ಇದನ್ನು ಬ್ಲೂ ನೋಟಿನವರು ಹೇಗೆ ಹೊರತಂದರು ಎಂದು. ಕಂಪೆನಿಯವರಿಗೇ ಆ ಅಳುಕಿತ್ತು. ತಮ್ಮದೇ ಇನ್ನೊಂದು ಹೆಸರಿನಡಿ, ಪಾಪ್ ಸಂಗೀತದ ಲೇಬಲ್ಲಿನಲ್ಲಿ, ತರೋಣವೆಂದು ಲುಂಡ್‌ವಾಲ್ ಸೂಚಿಸಿದಾಗ ನೋರಾ ಒಪ್ಪಲಿಲ್ಲ. ತಾನು ಸೇರಿದ್ದು ಬ್ಲೂ ನೋಟಿಗೆ, ಅಲ್ಲಿಯೇ ಬರಲಿ ಎಂದು ನಿಂತಳು.

ಇಲ್ಲಿಗೆ ಬಂದಾಗ ನನಗೆ ನಮ್ಮ ಮಕ್ಕಳ ನೆನಪಾಗುವುದು. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ನಮ್ಮ ಕ್ಲಾಸಿನ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತುಳು. ಕೆಲವರದ್ದು ಕೊಂಕಣಿ, ಕೆಲವರದ್ದು ಬ್ಯಾರಿ, ಹವ್ಯಕ, ಮರಾಠಿ. ಪಾಠ ಕನ್ನಡದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮಲಯಾಳಂ. ಮಂಗಳೂರಿಗೆ ಕಾಲೇಜಿಗೆ ಹೋದರೆ "ನೀವು ಮಲಯಾಳಿಗಳಾ?" ಎಂದು ಕೇಳುತ್ತಾರೆ, ತಿರುವನಂತಪುರಕ್ಕೆ ಸಂದರ್ಶನಕ್ಕೆ ಹೋದರೆ "ನೀವು ಕರ್ನಾಟಕದವರಾ?" ಎಂದು ಕೇಳುತ್ತಾರೆ. ಎರಡು ಕಡೆಯೂ ಮಕ್ಕಳು ಉತ್ತರ ಹೇಳಿಯೇ ಒಳಗೆ ಹೋಗಬೇಕು. ನೋರಾಳನ್ನೂ ಹಾಗೆಯೇ ಕೇಳಿದರು. ಅಪ್ಪನ ಮಗಳಾ, ಅಮ್ಮನ ಮಗಳಾ? ಜಾಝಾ, ಹಳ್ಳಿ ಹಾಡಾ? ಭಾರತದವಳಾ, ಟೆಕ್ಸಾಸಿನವಳಾ? ಅವಳ ಆಲ್ಬಮ್ಮಿನಲ್ಲಿ ಹ್ಯಾಂಕ್ ವಿಲಿಯಮ್ಸನೂ ಹಳೆಯ ಜಾಝಿನ ಹಾಡೂ ಅಕ್ಕಪಕ್ಕ ಕೂತಿವೆ. ಬೆಳೆಯುವಾಗ ಕಿವಿಗೆ ಬಿದ್ದದ್ದನ್ನು ಹಾಡಿದ್ದಾಳೆ, ಅಷ್ಟೆ. ಕಿವಿಗೆ ಬೀಳದ ಸಿತಾರನ್ನು ಅಪ್ಪನ ಹೆಸರಿಗಾಗಿ ತಂದು ಸೇರಿಸಲಿಲ್ಲ. ಸೇರಿಸಿದ್ದರೆ ನಮ್ಮ ಪತ್ರಿಕೆಗಳು ಇನ್ನೂ ಹಿಗ್ಗುತ್ತಿದ್ದವೋ ಏನೋ.

ಅಪ್ಪ ಮಗಳ ಕತೆ ಅಷ್ಟಕ್ಕೇ ನಿಲ್ಲಲಿಲ್ಲ, ಒಳ್ಳೆಯದೇ ಆಯಿತು. ರವಿಶಂಕರ್ 2012ರ ಡಿಸೆಂಬರ್ 11ರಂದು ತೀರಿಕೊಂಡರು. ಮರುವರ್ಷ ತಂಗಿ ಅನೌಷ್ಕಾ ಶಂಕರ್ ತಂದ 'ಟ್ರೇಸಸ್ ಆಫ್ ಯು' ಆಲ್ಬಮ್ಮಿನಲ್ಲಿ ನೋರಾ ಹಾಡಿದಳು. ತಂಗಿಯ ಸಿತಾರ್, ಅಕ್ಕನ ಸ್ವರ. 2003ರಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ಕಾದು ಕೂತವರಿಗೆ ಆ ಸಿತಾರ್ ಹತ್ತು ವರ್ಷ ತಡವಾಗಿ ಸಿಕ್ಕಿತು.

ನನ್ನ ಗಂಟಲಿನ ಕತೆ ಹೇಳಿ ಮುಗಿಸಬೇಕು. ಹದಿನೈದು ದಿನ ಒಂದು ತಿಂಗಳಾಯಿತು. ಆಮೇಲೆ ಮಂಗಳೂರಿನಲ್ಲೇ ಒಬ್ಬರು ಸ್ವರದ ಅಭ್ಯಾಸ ಹೇಳಿಕೊಟ್ಟರು. ಹೊಟ್ಟೆಯಿಂದ ಉಸಿರು, ಮೂಗಿನಲ್ಲಿ ಗುಂಯ್‌ಗುಡುವುದು, ಗಂಟಲನ್ನು ಬಿಗಿಯದೆ ಸಣ್ಣ ಸ್ವರದಲ್ಲಿ ಓದುವುದು. ಅವರು ಹೇಳಿದ್ದರಲ್ಲಿ ಅರ್ಧ ನನಗೆ ಸಿಡಿಯಲ್ಲಿ ಕೇಳಿ ಗೊತ್ತಿತ್ತು. ಆಪರೇಷನ್ ಬೇಕಾಗಲಿಲ್ಲ. ಓಣಂ ರಜೆ ಮುಗಿದ ಮೇಲೆ ಶಾಲೆಗೆ ಹೋದೆ.

ಟೀಚರ್ ಮೆಲ್ಲಗೆ ಮಾತಾಡಿದರೆ ಮಕ್ಕಳು ತಾವಾಗಿ ಸುಮ್ಮನಾಗುತ್ತಾರೆ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ನಂಬಬೇಡಿ. ನಾಲ್ಕು ದಿನ ಸುಮ್ಮನಿದ್ದರು, ಐದನೆಯ ದಿನ ಮೊದಲಿನ ಹಾಗೆ. ತಟ್ಟಿಯ ಆಚೆಯ ಟೀಚರ್ ಮಾತ್ರ ಬದಲಾದರು. ನಾನು ಹೇಳದೆಯೇ ಅವರು ಸ್ವರ ಇಳಿಸಿದರು. ನಾವು ಪೀರಿಯಡನ್ನು ಹಂಚಿಕೊಂಡೆವು. ನಾನು ಹೇಳುವಾಗ ಅವರ ಮಕ್ಕಳು ಬರೆಯುವುದು, ಅವರು ಹೇಳುವಾಗ ನನ್ನ ಮಕ್ಕಳು ಬರೆಯುವುದು. ಕೆಲವು ಮಕ್ಕಳು ಎರಡು ಭಾಷೆಯಲ್ಲೂ ಪಾಠ ಕೇಳಿ ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕು ತೆಗೆದದ್ದೂ ಉಂಟು. ತಟ್ಟಿಯ ಜಾಗದಲ್ಲಿ ಗೋಡೆ ಬಂದದ್ದು ಎಷ್ಟೋ ವರ್ಷ ಕಳೆದ ಮೇಲೆ. ಈಗ ಸೊಂಟಕ್ಕೆ ಕಟ್ಟುವ ಸಣ್ಣ ಸ್ಪೀಕರ್, ಕಿವಿಗೆ ಸಿಕ್ಕಿಸುವ ಮೈಕ್ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ನನ್ನ ಹತ್ತಿರವೂ ಒಂದು ಉಂಟು. ಹೊಸದಾಗಿ ಕೆಲಸಕ್ಕೆ ಸೇರುವ ಟೀಚರುಗಳಿಗೆ ನಾನು ಹೇಳುವ ಮೊದಲ ಮಾತು, ಸೀರೆ ಆಮೇಲೆ ತೆಗೆದುಕೊಳ್ಳಿ ಮಾರಾಯ್ತಿ, ಮೊದಲ ಸಂಬಳದಲ್ಲಿ ಇದನ್ನು ತೆಗೆದುಕೊಳ್ಳಿ ಎಂದು.

ಶಬ್ದದ ಪಾಠ ಬಂದಾಗ ಪ್ರತಿವರ್ಷ ಮಕ್ಕಳಿಗೆ 'ಡೋಂಟ್ ನೋ ವೈ' ಹಾಕುತ್ತೇನೆ. ಪಾರ, ಆವೃತ್ತಿ ಎರಡನ್ನೂ ಬೋರ್ಡಿನಲ್ಲಿ ಬರೆದು, ಕಿವಿಯಿಂದ ಗುರುತಿಸಿ ಎನ್ನುತ್ತೇನೆ. ಹಿಂದಿನ ಬೆಂಚಿನಿಂದ "ಟೀಚರ್, ಇವರಿಗೆ ನಿದ್ದೆ ಬರ್ತಾ ಉಂಟಾ?" ಎಂಬ ಪ್ರಶ್ನೆ ಒಂದು ವರ್ಷವೂ ತಪ್ಪಿಲ್ಲ. ಹಾಡಿದ ಹುಡುಗಿಗೆ ಈಗ ನಲವತ್ತು ದಾಟಿದೆ, ಇಬ್ಬರು ಮಕ್ಕಳ ತಾಯಿ. 2025ರಲ್ಲಿ 'ವಿಷನ್ಸ್' ಎಂಬ ಆಲ್ಬಮ್ಮಿಗೆ ಪುನಃ ಗ್ರಾಮಿ ಬಂತು. ಈಗಲೂ ಕೂಗುವುದಿಲ್ಲ.

ಕಳೆದ ವರ್ಷ ಹಾಡು ಮುಗಿದಾಗ, ಹಾಜರಿಗೂ ಸ್ವರ ಎತ್ತದ ಒಬ್ಬ ಹುಡುಗಿ ಎದ್ದು ನಿಂತಳು. ಮನೆಮಾತು ತುಳು, ಮೂರನೆಯ ಬೆಂಚು. "ಟೀಚರ್, ಪಾರ ಸಣ್ಣದಾದರೂ ಶಬ್ದ ಶಬ್ದವೇ ಅಲ್ಲವಾ?" ಎಂದು ಕೇಳಿದಳು.

ಹೌದು ಎಂದೆ. ಕಂಪನ ಇರುವವರೆಗೆ ಶಬ್ದವೇ. ಅದನ್ನೇ ನೋಟ್ಸಿನಲ್ಲಿ ಬರೆಸಿದೆ.